ಮೆಟ್ಟಿಲು ಇಳಿಯುವಾಗಿನ ಮಂಡಿ ನೋವಿಗೆ ಯಾವ ವ್ಯಾಯಾಮ, ಎಷ್ಟು ಮಾಡಬೇಕು?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ. ನನಗೆ ಈಗ 61 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿ ನಿಂತುಕೊಂಡೇ ಪಾಠ ಮಾಡಿದವಳು. ಎರಡು ವರ್ಷಗಳಿಂದ ಎರಡೂ ಮಂಡಿಗಳಲ್ಲಿ, ಮುಖ್ಯವಾಗಿ ಬಲಗಾಲಿನದರಲ್ಲಿ, ನೋವು ಕಾಣಿಸಿಕೊಂಡಿದೆ. ಸಮತಟ್ಟಾದ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೂ ಅಷ್ಟೇನೂ ತೊಂದರೆಯಿಲ್ಲ. ಆದರೆ ಮಹಡಿಯ ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂಭಾಗದಲ್ಲಿ ಚುಚ್ಚಿದಂತಾಗುತ್ತದೆ, ಪೂಜೆಗೆ ನೆಲದ ಮೇಲೆ ಕುಳಿತರೆ ಗೋಡೆಯನ್ನೋ ಮಗಳ ಕೈಯನ್ನೋ ಹಿಡಿಯದೆ ಏಳಲಾಗುವುದಿಲ್ಲ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಎರಡೂ ಕೈಯಿಂದ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕಾಗುತ್ತದೆ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಮಂಡಿ ಬಿಗಿದಂತಿದ್ದು, ಅಡುಗೆಮನೆಯಲ್ಲಿ ಓಡಾಡುವಷ್ಟರಲ್ಲಿ ಸಡಿಲವಾಗುತ್ತದೆ.

ವೈದ್ಯರು ಎಕ್ಸ್-ರೇ ನೋಡಿ, ಸ್ವಲ್ಪ ಸವೆತವಿದೆ, ಗಾಬರಿಯಾಗುವಂಥದ್ದಲ್ಲ, ವ್ಯಾಯಾಮ ಮಾಡಿ ಎಂದು ಹೇಳಿ ಒಂದು ಮುದ್ರಿತ ಹಾಳೆಯನ್ನು ಕೊಟ್ಟರು. ಅದರಲ್ಲಿದ್ದ ಚಿತ್ರವನ್ನು ನೋಡಿಕೊಂಡು, ಕುರ್ಚಿಯಲ್ಲಿ ಕುಳಿತು, ಪಾದಕ್ಕೆ ಎರಡು ಕಿಲೋ ಮರಳಿನ ಚೀಲ ಕಟ್ಟಿ, ಬೆಳಿಗ್ಗೆ 50 ಬಾರಿ, ಸಂಜೆ 50 ಬಾರಿ ಕಾಲು ಚಾಚಿ ಮಡಚುವುದನ್ನು ಮಾಡಿದೆ. ಹತ್ತನೆಯ ದಿನಕ್ಕೆ ಮಂಡಿ ಊದಿಕೊಂಡಿತು. ಹೆದರಿ ನಿಲ್ಲಿಸಿದೆ. ಅಂದಿನಿಂದ ಮೆಟ್ಟಿಲು ಹತ್ತುವುದನ್ನೇ ಆದಷ್ಟು ತಪ್ಪಿಸುತ್ತಿದ್ದೇನೆ. ಆದರೆ ತಪ್ಪಿಸಿದಷ್ಟೂ ಕಾಲಿನ ಶಕ್ತಿ ಕುಂದುತ್ತಿರುವುದು ನನಗೇ ಗೊತ್ತಾಗುತ್ತಿದೆ.

ನಾನು ಕೇಳಬೇಕೆಂದಿರುವುದು ಇಷ್ಟು. ಸವೆದ ಮಂಡಿಗೆ ವ್ಯಾಯಾಮದಿಂದ ಇನ್ನಷ್ಟು ಸವೆತವಾಗುವುದಿಲ್ಲವೇ? ವ್ಯಾಯಾಮ ಮಾಡುವಾಗ ನೋವಾದರೆ ಸಹಿಸಬೇಕೇ, ನಿಲ್ಲಿಸಬೇಕೇ? ಮತ್ತೆ ನೆಲದ ಮೇಲೆ ಕುಳಿತು ಯಾರ ಕೈಯನ್ನೂ ಹಿಡಿಯದೆ ಏಳುವಂತಾಗಲು ಎಷ್ಟು ಕಾಲ ಬೇಕಾಗಬಹುದು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಮೇಡಂ, ನಮಸ್ಕಾರ. ನೀವು ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಮಂಡಿಯನ್ನು ಮುಟ್ಟಿ ನೋಡದೆ ಹೇಳುವ ಮಾತಿಗೆ ಮಿತಿಯಿದ್ದೇ ಇರುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಸವೆತದ ಭಯವನ್ನು ತೆಗೆದುಕೊಳ್ಳೋಣ, ಏಕೆಂದರೆ ನನ್ನ ಬಳಿ ಬರುವವರನ್ನು ನೋವಿಗಿಂತ ಹೆಚ್ಚಾಗಿ ಆ ಒಂದು ಪದವೇ ಕಟ್ಟಿಹಾಕಿರುತ್ತದೆ. ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿ ಎಂಬ ನುಣುಪಾದ ಪದರಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ, ಮತ್ತು ಆ ದ್ರವ ಪದರದೊಳಗೆ ಹೋಗಿ ಬರಬೇಕಾದರೆ ಕೀಲು ಚಲಿಸಬೇಕು, ಹದವಾದ ಒತ್ತಡ ಬಿದ್ದು ಸಡಿಲವಾಗುತ್ತಿರಬೇಕು. ಆದ್ದರಿಂದ ಮಂಡಿಯನ್ನು ಸೈಕಲ್ಲಿನ ಟೈರಿನಂತೆ, ಬಳಸಿದಷ್ಟೂ ತೇಯುವ ವಸ್ತುವೆಂದು ಭಾವಿಸುವುದು ಸರಿಯಲ್ಲ. ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನೇರವಾದ ಲೆಕ್ಕ ಕೂಡಿಬರುವುದಿಲ್ಲ. ತುಂಬಾ ಸವೆದಂತೆ ಕಾಣುವ ಮಂಡಿಯಿಟ್ಟುಕೊಂಡು ಹೊಲದಲ್ಲಿ ದುಡಿಯುವವರಿದ್ದಾರೆ, ಚಿತ್ರದಲ್ಲಿ ಏನೂ ಕಾಣದಿದ್ದರೂ ಮೆಟ್ಟಿಲು ಹತ್ತಲಾಗದವರೂ ಇದ್ದಾರೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ನೈಸ್ 2022ರಲ್ಲಿ ಹೊರತಂದ ಮಾರ್ಗಸೂಚಿಯು, 45 ದಾಟಿದವರಿಗೆ ಚಲನೆಯ ವೇಳೆ ನೋವಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆ ಮೀರದಿದ್ದರೆ, ಸಾಮಾನ್ಯವಾಗಿ ಚಿತ್ರ ತೆಗೆಸದೆಯೇ ಮೂಳೆ ಸಂಧಿವಾತವೆಂದು (ಸವೆತ ಎಂದು ನಾವು ಕರೆಯುವುದು ಇದನ್ನೇ) ಗುರುತಿಸಬಹುದೆಂದು ಹೇಳುತ್ತದೆ. ಅಂಥವರೆಲ್ಲರಿಗೂ ಅದು ಸೂಚಿಸುವ ಮುಖ್ಯ ಚಿಕಿತ್ಸೆಗಳಲ್ಲಿ ವ್ಯಾಯಾಮವೂ ಒಂದು.

ಇನ್ನು, ಸಮತಟ್ಟಾದ ರಸ್ತೆಯಲ್ಲಿ ಇಲ್ಲದ ನೋವು ಮೆಟ್ಟಿಲಿನಲ್ಲಿ ಏಕೆ? ಜರ್ಮನಿಯಲ್ಲಿ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆಯ ಉಪಕರಣವನ್ನಿಟ್ಟು ನೋಡಿದ್ದಾರೆ. ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಎರಡೂವರೆ ಪಟ್ಟು ಇದ್ದರೆ, ಮೆಟ್ಟಿಲು ಇಳಿಯುವಾಗ ಅದು ಸುಮಾರು ಮೂರೂವರೆ ಪಟ್ಟಾಗುತ್ತದೆ. ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ತೊಡೆಯ ಮುಂಭಾಗದ ಸ್ನಾಯು, ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಬಾವಿಗೆ ಕೊಡ ಬಿಡುವಾಗ ಹಗ್ಗವನ್ನು ಒಮ್ಮೆಲೇ ಬಿಡದೆ ಕೈಯಲ್ಲಿ ಬಿಗಿಹಿಡಿದು ಜಾರಿಸುತ್ತೇವಲ್ಲ, ಅದೇ ರೀತಿಯ ಕೆಲಸ. ಆ ಹಿಡಿತ ದುರ್ಬಲವಾದಾಗ ಭಾರ ಧೊಪ್ಪನೆ ಕೀಲಿನ ಮೇಲೆ ಬೀಳುತ್ತದೆ. ಸೊಂಟದ ಪಕ್ಕದ ಸ್ನಾಯುವೂ ದುರ್ಬಲವಾಗಿದ್ದರೆ ಮಂಡಿ ಒಳಗಡೆಗೆ ವಾಲಿ, ಚಿಪ್ಪಿನ ಹಿಂದಿನ ಒತ್ತಡ ಒಂದೇ ಬದಿಗೆ ಸೇರುತ್ತದೆ. ನಿಮ್ಮ ನೋವು ಇರುವುದು ಮಂಡಿಯಲ್ಲಾದರೂ ಕೆಲಸ ಆಗಬೇಕಾಗಿರುವುದು ತೊಡೆಯಲ್ಲಿ ಮತ್ತು ಸೊಂಟದಲ್ಲಿ.

ನೀವು ಮಾಡಿದ ವ್ಯಾಯಾಮ ಕೆಟ್ಟದ್ದಲ್ಲ, ಪ್ರಮಾಣ ತಪ್ಪಿತು. ಕುಳಿತು, ಪಾದಕ್ಕೆ ಭಾರ ಕಟ್ಟಿ ಕಾಲು ಚಾಚುವಾಗ, ಕಾಲು ಪೂರ್ತಿ ನೆಟ್ಟಗಾಗುವ ಕೊನೆಯ ಭಾಗದಲ್ಲಿ ಚಿಪ್ಪಿನ ಹಿಂಭಾಗದ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ನಿಮಗೆ ನೋವಿರುವುದೂ ಅಲ್ಲಿಯೇ. ಎರಡು ಕಿಲೋ ಭಾರದಲ್ಲಿ ದಿನಕ್ಕೆ ನೂರು ಬಾರಿ, ಒಂದು ದಿನವೂ ಬಿಡುವಿಲ್ಲದೆ ಮಾಡಿದರೆ, ನೋವಿಲ್ಲದ ಮಂಡಿಯೂ ಮುನಿಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದ ಒಂದು ಸಂಗತಿಯೆಂದರೆ, ಕೀಲಿನೊಳಗೆ ನೀರು ತುಂಬಿ ಊದಿಕೊಂಡಾಗ ತೊಡೆಯ ಸ್ನಾಯುವಿಗೆ ನರಗಳಿಂದ ಹೋಗುವ ಆಜ್ಞೆಯೇ ಕುಗ್ಗುತ್ತದೆ. ಹಾಗಾಗಿ ಊತವನ್ನು ಲೆಕ್ಕಿಸದೆ ಮುಂದುವರಿಸಿದರೆ ಬಲ ಬರುವುದಿಲ್ಲ. ನೀವು ನಿಲ್ಲಿಸಿದ್ದು ಸರಿ. ಊತ ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಬೇಕಾಗಿತ್ತು, ಅಷ್ಟೇ.

ಮೊದಲ ಎರಡು ವಾರ ಹೀಗೆ ಮಾಡಿ. ಮಂಚದ ಮೇಲೆ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ತೊಡೆಯನ್ನು ಬಿಗಿಗೊಳಿಸುತ್ತ ಟವೆಲನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ. ಇದು ಹತ್ತು ಬಾರಿ. ಬಳಿಕ ಮಲಗಿ, ಒಂದು ಮಂಡಿಯನ್ನು ಮಡಚಿ ಪಾದ ಊರಿ, ಇನ್ನೊಂದು ಕಾಲನ್ನು ನೆಟ್ಟಗಿರಿಸಿಕೊಂಡು ಒಂದಡಿಯಷ್ಟು ಎತ್ತಿ ನಿಧಾನವಾಗಿ ಇಳಿಸಿ. ಮಂಡಿ ಒಂದಿಷ್ಟೂ ಬಾಗಬಾರದು, ಬಾಗಿದರೆ ಅಂದಿಗೆ ಅಷ್ಟೇ ಸಾಕು ಎಂದರ್ಥ. ಆಮೇಲೆ ಪಕ್ಕಕ್ಕೆ ಹೊರಳಿ, ಮೇಲಿನ ಕಾಲನ್ನು ತುಸು ಹಿಂದಕ್ಕೆ ತಂದು ಮೇಲೆತ್ತಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಕಾಲ್ಬೆರಳನ್ನು ಸೂರಿನತ್ತ ತಿರುಗಿಸುವುದು. ಹಾಗೆ ಮಾಡಿದರೆ ಸೊಂಟದ ಪಕ್ಕದ ಸ್ನಾಯುವಿನ ಬದಲು ತೊಡೆಯ ಮುಂಭಾಗವೇ ಆ ಕೆಲಸವನ್ನು ಕಸಿದುಕೊಳ್ಳುತ್ತದೆ. ಬೆರಳು ಎದುರಿನ ಗೋಡೆಯನ್ನು ನೋಡುತ್ತಿರಲಿ. ಕೊನೆಗೆ ಬೆನ್ನ ಮೇಲೆ ಮಲಗಿ, ಎರಡೂ ಪಾದ ಊರಿ, ಸೊಂಟವನ್ನು ಸೇತುವೆಯಂತೆ ಮೇಲೆತ್ತಿ ಮೂರು ಎಣಿಸಿ ಇಳಿಸಿ.

ಆದರೆ ನಿಮ್ಮ ದಿನನಿತ್ಯದ ತೊಂದರೆಯನ್ನು ನಿಜವಾಗಿ ಕಳೆಯುವುದು ಕುರ್ಚಿಯಿಂದ ಏಳುವ ವ್ಯಾಯಾಮವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ 18 ಅಂಗುಲ ಎತ್ತರವಿರುತ್ತದೆ. ಅದರ ಮೇಲೆ ಎರಡು ಮಡಿಸಿದ ಜಮಖಾನೆ ಹಾಕಿ ಇನ್ನೂ ಮೂರ್ನಾಲ್ಕು ಅಂಗುಲ ಎತ್ತರಿಸಿ, ಹಿಂದಕ್ಕೆ ಜಾರದಂತೆ ಗೋಡೆಗೆ ಒತ್ತಿ ಇರಿಸಿ. ಅಂಚಿಗೆ ಬಂದು ಕುಳಿತು, ಪಾದಗಳನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಎದ್ದು ನಿಲ್ಲಿ. ಕುಳಿತುಕೊಳ್ಳುವಾಗ ಧೊಪ್ಪನೆ ಬೀಳದೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತ ಇಳಿಯಿರಿ. ಮೆಟ್ಟಿಲು ಇಳಿಯಲು ಬೇಕಾದ ಬಲವನ್ನು ಕೊಡುವುದು ಆ ಮೂರು ಎಣಿಕೆಯೇ. ಮಂಡಿಗಳು ಒಂದನ್ನೊಂದು ತಾಗುವಂತೆ ಒಳಗೆ ಬಾಗದೆ ಪಾದದ ಎರಡನೆಯ ಬೆರಳಿನ ನೇರದಲ್ಲಿರಲಿ. ಎಂಟು ಬಾರಿ ಮಾಡಿ, ಎರಡು ನಿಮಿಷ ವಿಶ್ರಮಿಸಿ, ಮತ್ತೆ ಎಂಟು ಬಾರಿ ಮಾಡಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ಸ್ನಾಯು ಬಲಗೊಳ್ಳುವುದು ಆ ಬಿಡುವಿನಲ್ಲಿಯೇ. ಹನ್ನೆರಡು ಬಾರಿ ಸಲೀಸಾಗಿ ಮಾಡುವಂತಾದಾಗ ಒಂದು ಜಮಖಾನೆಯನ್ನು ತೆಗೆಯಿರಿ.

ನೋವಿನ ವಿಷಯಕ್ಕೆ ಬರೋಣ. ನೋವೇ ಇಲ್ಲದ ಸ್ಥಿತಿ ಸೊನ್ನೆ, ತಾಳಲಾರದ ನೋವು ಹತ್ತು ಎಂದುಕೊಂಡು ಅಂಕ ಕೊಟ್ಟುಕೊಳ್ಳಿ, ನೀವು ಜೀವನವಿಡೀ ಮಾಡಿದ ಕೆಲಸವೇ ಅದು. ಎರಡರವರೆಗಿನ ನೋವಿನಲ್ಲಿ ನಿಶ್ಚಿಂತೆಯಿಂದ ಮುಂದುವರಿಯಬಹುದು. ಮೂರರಿಂದ ಐದರವರೆಗಿನದನ್ನು ಒಪ್ಪಬಹುದು, ಆದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಐದನ್ನು ಮೀರಿದರೆ, ಅಥವಾ ಮರುದಿನ ಬೆಳಿಗ್ಗೆ ಬಿಗಿತವೋ ಊತವೋ ಹೆಚ್ಚಾಗಿದ್ದರೆ, ವ್ಯಾಯಾಮವನ್ನು ಬಿಡಬೇಕಾಗಿಲ್ಲ, ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಆರಂಭವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ಗ್ಲಾಡ್ ಎಂಬ ಕಾರ್ಯಕ್ರಮದಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತವಿರುವವರಿಗೆ ವಾರಕ್ಕೆರಡು ಬಾರಿಯಂತೆ ಆರು ವಾರ ವ್ಯಾಯಾಮ ಮಾಡಿಸುತ್ತಾರೆ. ಅಲ್ಲಿಯೂ ನೋವನ್ನು ಅಳೆಯುತ್ತಲೇ ಪ್ರಮಾಣವನ್ನು ನಿರ್ಧರಿಸುವ ಕ್ರಮವಿದೆ.

ಕಾಲಾವಧಿಯನ್ನು ಕೇಳಿದ್ದೀರಿ. ಮೊದಲ ಮೂರ್ನಾಲ್ಕು ವಾರಗಳಲ್ಲಿ ಕಾಣುವ ಸುಧಾರಣೆ ಹೆಚ್ಚಾಗಿ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿತದ್ದರ ಫಲ. ಸ್ನಾಯು ತಾನೇ ದಪ್ಪವಾಗಿ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಆರನೆಯ ವಾರದ ಮೊದಲು ಯಾವ ತೀರ್ಮಾನಕ್ಕೂ ಬರಬೇಡಿ. ಆರಂಭಿಸುವ ದಿನವೇ ಒಂದು ಅಳತೆ ಮಾಡಿಟ್ಟುಕೊಳ್ಳಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು, ಜಮಖಾನೆಯಿಲ್ಲದ ಮಾಮೂಲಿ ಕುರ್ಚಿಯಿಂದ, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಎದ್ದು ಕುಳಿತುಕೊಳ್ಳಬಲ್ಲಿರಿ ಎಂದು ಎಣಿಸಿ ಬರೆದಿಡಿ. ಮಗಳು ಪಕ್ಕದಲ್ಲಿರಲಿ.

ಉತ್ತರ: ಅಡಿಕೆ ಬೆಳೆಗಾರ, ಶಿರಸಿ

ಅಕ್ಕ, ನಮಸ್ಕಾರ. ಮೇಲಿನವರು ಶಾಸ್ತ್ರವನ್ನೆಲ್ಲ ಹೇಳಿದ್ದಾರೆ, ನಾನು ಅನುಭವವನ್ನಷ್ಟೇ ಹೇಳುತ್ತೇನೆ. ನನಗೆ 64 ವರ್ಷ. ನಮ್ಮ ಮನೆ ದಿಬ್ಬದ ಮೇಲೆ, ತೋಟ ಕೆಳಗಿನ ಕಣಿವೆಯಲ್ಲಿ. ದಿನಕ್ಕೆ ಮೂರು ಬಾರಿಯಾದರೂ ಇಳಿದು ಹತ್ತಬೇಕು. ಐದು ವರ್ಷದ ಹಿಂದೆ ಎಡ ಮಂಡಿ ಎಷ್ಟು ಕೆಟ್ಟಿತ್ತೆಂದರೆ, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವೂ ನಾನು ಜಗಲಿಯಲ್ಲೇ ಕುಳಿತಿರಬೇಕಾಯಿತು. ತೋಟಕ್ಕೆ ಹೋಗಲಾಗದ ಆ ಸಂಕಟಕ್ಕೇ ನಾನು ಫಿಸಿಯೋಥೆರಪಿಗೆ ಹೋದದ್ದು.

ಅಲ್ಲಿ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಎಡಗಾಲಿನ ಮೇಲೆ ಭಾರ ಹಾಕಿ ಸ್ವಲ್ಪ ಬಾಗಲು ಹೇಳಿದರು. ಮಂಡಿ ಬಲಗಡೆಗೆ, ಅಂದರೆ ಒಳಕ್ಕೆ, ವಾಲುವುದು ನನಗೇ ಕಾಣಿಸಿತು. ಅದುವರೆಗೆ ನಾನು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ, ಉಪ್ಪಿನ ಶಾಖ ಕೊಡುತ್ತಿದ್ದೆ, ಮಂಡಿಪಟ್ಟಿ ಹಾಕುತ್ತಿದ್ದೆ. ಶಾಖದಿಂದ ಆ ಹೊತ್ತಿಗೆ ಹಿತವಾಗುವುದು ನಿಜ, ಈಗಲೂ ರಾತ್ರಿ ಕೊಡುತ್ತೇನೆ. ಆದರೆ ವಾಲುವ ಮಂಡಿಯನ್ನು ಎಣ್ಣೆ ನೆಟ್ಟಗೆ ನಿಲ್ಲಿಸಲಾರದು ಎಂಬುದು ಅಂದು ಮನದಟ್ಟಾಯಿತು.

ಭಾರಕ್ಕೆಂದು ಏನನ್ನೂ ಕೊಳ್ಳಲಿಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಚೀಲ ಹೊಲಿಸಿ ಮೊದಲು ಅರ್ಧ ಕಿಲೋ ಅಕ್ಕಿ ಹಾಕಿದೆ, ತಿಂಗಳ ನಂತರ ಒಂದು ಕಿಲೋ. ಅದನ್ನು ಕಟ್ಟಿಕೊಂಡು ಮಲಗಿ ಕಾಲೆತ್ತುವುದು, ಪಕ್ಕಕ್ಕೆ ಎತ್ತುವುದು. ಜಗಲಿಯ ಮೆಟ್ಟಿಲು ಏಳು ಅಂಗುಲವಿದ್ದುದರಿಂದ, ಅದಕ್ಕೂ ಮೊದಲು ನಾಲ್ಕು ಅಂಗುಲ ದಪ್ಪದ ಹಲಗೆಯೊಂದನ್ನು ಹಾಕಿ ಅದರ ಮೇಲೆ ಹತ್ತಿ ಇಳಿಯುವುದನ್ನು ಕಲಿತೆ. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಿದ್ದೆ. ಎಂಟನೆಯ ವಾರದಲ್ಲಿ ತೋಟಕ್ಕೆ ಇಳಿದೆ, ಕೋಲು ಹಿಡಿದುಕೊಂಡೇ. ಕೋಲನ್ನು ನೋವಿರುವ ಕಾಲಿನ ಕಡೆಯ ಕೈಯಲ್ಲಲ್ಲ, ಎದುರಿನ ಕೈಯಲ್ಲಿ ಹಿಡಿಯಬೇಕೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅದೊಂದರಿಂದಲೇ ಇಳಿಜಾರಿನಲ್ಲಿ ಬಹಳ ವ್ಯತ್ಯಾಸವಾಯಿತು.

ಒಂದು ತಪ್ಪನ್ನೂ ಹೇಳಬೇಕು. ನಾಲ್ಕು ತಿಂಗಳಿಗೆ ನೋವು ಹೋಯಿತೆಂದು ವ್ಯಾಯಾಮವನ್ನು ಪೂರ್ತಿ ಬಿಟ್ಟೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅದರ ನೆನಪೂ ಆಗಲಿಲ್ಲ. ಮುಂದಿನ ಮಳೆಗಾಲಕ್ಕೆ ನೋವು ಹಾಗೆಯೇ ಮರಳಿ ಬಂದಿತು. ತೋಟದಲ್ಲಿ ಓಡಾಡುವುದೇ ವ್ಯಾಯಾಮವಲ್ಲವೇ ಎಂದು ನಾನು ಎಣಿಸಿದ್ದೆ. ಓಡಾಟದಿಂದ ದಮ್ಮು ಉಳಿಯುತ್ತದೆ, ಆದರೆ ತೊಡೆಗೆ ಬೇಕಾದಷ್ಟು ಬಲ ಅದರಿಂದ ಬರಲಿಲ್ಲ. ಅಲ್ಲಿಂದೀಚೆಗೆ ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ, ಬಿಡದೆ ಮಾಡುತ್ತಿದ್ದೇನೆ.

ಉತ್ತರ: ತಾಯಿಯ ಆರೈಕೆಯಲ್ಲಿರುವ ಮಗಳು, ಬೆಂಗಳೂರು

ಎರಡು ಎಚ್ಚರಿಕೆಯ ಮಾತುಗಳನ್ನು ಸೇರಿಸಲು ಬರೆಯುತ್ತಿದ್ದೇನೆ. ನನ್ನ ಅಮ್ಮನಿಗೆ 72. ಮಂಡಿ ನೋವಿಗೆ ಹಿತವಾಗುತ್ತದೆಂದು ಅವರು ತಿಂಗಳುಗಟ್ಟಲೆ ಮಂಡಿಯ ಕೆಳಗೆ ದಪ್ಪ ದಿಂಬನ್ನಿಟ್ಟುಕೊಂಡು ಮಲಗುತ್ತಿದ್ದರು. ಕ್ರಮೇಣ ಮಂಡಿ ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಂಡು, ನಿಂತಾಗ ಪೂರ್ತಿ ನೆಟ್ಟಗಾಗದಂತಾಯಿತು. ಬಾಗಿದ ಮಂಡಿಯಲ್ಲಿ ನಿಂತರೆ ತೊಡೆಯ ಸ್ನಾಯುವಿಗೆ ಒಂದು ಕ್ಷಣವೂ ಬಿಡುವಿರುವುದಿಲ್ಲ, ಬೇಗನೆ ದಣಿವಾಗುತ್ತದೆ. ಅವರಿಗೆ ಬಲದ ವ್ಯಾಯಾಮಕ್ಕಿಂತ ಮೊದಲು ಮಂಡಿಯನ್ನು ನೆಟ್ಟಗಾಗಿಸುವ ವ್ಯಾಯಾಮವನ್ನೇ ಹಲವು ವಾರ ಮಾಡಿಸಬೇಕಾಯಿತು: ಹಿಮ್ಮಡಿಯ ಕೆಳಗೆ ಮಾತ್ರ ಸಣ್ಣ ದಿಂಬಿಟ್ಟು, ಮಂಡಿಯನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡುವುದು. ದಿಂಬಿನ ಈ ಅಭ್ಯಾಸ ಬಹಳ ಮನೆಗಳಲ್ಲಿದೆ, ದಯವಿಟ್ಟು ಗಮನಿಸಿ.

ಇನ್ನೊಂದು ನನ್ನ ಚಿಕ್ಕಮ್ಮನ ವಿಷಯ. ಅವರದೂ ಮಂಡಿ ನೋವೇ ಎಂದುಕೊಂಡು ಅಮ್ಮನ ವ್ಯಾಯಾಮಗಳನ್ನೇ ಅವರಿಗೂ ಮಾಡಿಸಲು ಹೊರಟಿದ್ದೆವು. ಆದರೆ ಅವರಿಗೆ ಬೆಳಗಿನ ಬಿಗಿತ ಒಂದು ಗಂಟೆಗೂ ಹೆಚ್ಚು ಹೊತ್ತು ಇರುತ್ತಿತ್ತು, ಕೈಬೆರಳಿನ ಗೆಣ್ಣುಗಳೂ ಊದಿಕೊಂಡಿದ್ದವು. ತಜ್ಞರು ರಕ್ತಪರೀಕ್ಷೆ ಮಾಡಿಸಿ ರುಮಟಾಯ್ಡ್ ಸಂಧಿವಾತವೆಂದು, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆಯೆಂದು, ಗುರುತಿಸಿದರು. ಅದಕ್ಕೆ ಔಷಧಿ ಬೇರೆಯೇ, ಮತ್ತು ಅದನ್ನು ತಡಮಾಡದೆ ಆರಂಭಿಸಬೇಕಾಗುತ್ತದೆ. ಎಲ್ಲ ಮಂಡಿ ನೋವೂ ಒಂದೇ ಅಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳತೆ ಮಾಡಿದೆ. 30 ಸೆಕೆಂಡುಗಳಲ್ಲಿ ಏಳು ಬಾರಿ ಏಳಲು ಸಾಧ್ಯವಾಯಿತು, ಏಳನೆಯದು ಬಹಳ ಕಷ್ಟದಿಂದ. ಊತ ಈಗ ಪೂರ್ತಿ ಇಳಿದಿದೆ. ನನ್ನ ಬೆಳಗಿನ ಬಿಗಿತ ಹತ್ತು ನಿಮಿಷ ಮೀರುವುದಿಲ್ಲ, ಬೆರಳುಗಳಲ್ಲಿ ತೊಂದರೆಯಿಲ್ಲ.

ಇನ್ನೂ ಮೂರು ಸಂದೇಹಗಳಿವೆ. ಎದ್ದು ಕುಳಿತುಕೊಳ್ಳುವಾಗ ಮಂಡಿಯಿಂದ ಕಟಕಟ ಶಬ್ದ ಬರುತ್ತದೆ, ಇದು ಅಪಾಯವೇ? ನನ್ನ ತೂಕ 74 ಕಿಲೋ, ಇಳಿಸಿದರೆ ಎಷ್ಟರಮಟ್ಟಿಗೆ ಸಹಾಯವಾದೀತು? ನಮ್ಮ ಮನೆಯಲ್ಲಿರುವುದು ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ, ಅದನ್ನು ಬದಲಿಸಲೇಬೇಕೇ?

ಉತ್ತರ: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಏಳು ಎಂಬುದು ನಿಮ್ಮ ವಯಸ್ಸಿಗೆ ಕಡಿಮೆಯೇ, ಅದರರ್ಥ ಸುಧಾರಣೆಗೆ ಸಾಕಷ್ಟು ಅವಕಾಶವಿದೆ. ನೋವಿಲ್ಲದ ಶಬ್ದಕ್ಕೆ ಮಹತ್ವ ಕೊಡಬೇಡಿ. ಶಬ್ದದೊಂದಿಗೆ ಮಂಡಿ ನಡುವೆಯೇ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ಅಥವಾ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಕುಸಿದರೆ ಮಾತ್ರ ತೋರಿಸಬೇಕು. ಮಂಡಿ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು, ಅಲ್ಲಿ ವ್ಯಾಯಾಮದ ಮಾತೇ ಇಲ್ಲ.

ತೂಕದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಮಂಡಿಯ ಸಂಧಿವಾತವಿದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಳಿದ ಪ್ರತಿ ಒಂದು ಕಿಲೋ ತೂಕಕ್ಕೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋಗಳಷ್ಟು ಕಡಿಮೆಯಾಗಿತ್ತು. ನೀವು ನಾಲ್ಕು ಕಿಲೋ ಇಳಿಸಿದರೆ ಹದಿನಾರು ಕಿಲೋ, ಅದೂ ಹೆಜ್ಜೆ ಹೆಜ್ಜೆಗೆ. ಆದರೆ ಊಟ ಬಿಟ್ಟು ಇಳಿಸಲು ಹೋಗಬೇಡಿ, ಸ್ನಾಯು ಬೆಳೆಯಲು ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕೇ ಬೇಕು. ಅನ್ನದ ಪ್ರಮಾಣವನ್ನು ಕಡಿಮೆ ಮಾಡಿ ಪಲ್ಯ, ಹುಳಿಯ ಹೋಳುಗಳನ್ನು ಹೆಚ್ಚಿಸುವುದು ನಮ್ಮ ಕಡೆಯ ಊಟದಲ್ಲಿ ಸುಲಭವಾದ ದಾರಿ.

ಶೌಚಾಲಯವನ್ನು ಒಡೆಸಬೇಕಾಗಿಲ್ಲ. ನಡುವೆ ರಂಧ್ರವಿರುವ ಎತ್ತರದ ಕುರ್ಚಿ ಅಂಗಡಿಗಳಲ್ಲಿ ಸಿಗುತ್ತದೆ, ಈಗ ಅದನ್ನಿಟ್ಟುಕೊಳ್ಳಿ. ಪಕ್ಕದ ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಕುಕ್ಕರುಗಾಲಿನಲ್ಲಿ ಕೂರುವುದು ತಾನಾಗಿಯೇ ಕೆಟ್ಟದ್ದಲ್ಲ, ಸದ್ಯಕ್ಕೆ ನಿಮ್ಮ ತೊಡೆಗೆ ಆ ಆಳದಿಂದ ಮೇಲೇಳುವ ಶಕ್ತಿಯಿಲ್ಲ ಎಂಬುದಷ್ಟೇ ವಿಷಯ.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ

ವರದಿ ಒಪ್ಪಿಸುತ್ತಿದ್ದೇನೆ. ಎರಡನೆಯ ವಾರದಲ್ಲಿ ಒಮ್ಮೆ, ಮದುವೆಯ ಮನೆಯಲ್ಲಿ ಇಡೀ ದಿನ ನಿಂತು ಬಂದ ಮೇಲೆ, ಅದೇ ಸಂಜೆ ವ್ಯಾಯಾಮವನ್ನೂ ಮಾಡಿದೆ. ಮರುದಿನ ನೋವು ಆರಕ್ಕೆ ಏರಿತ್ತು. ಹಿಂದಿನಂತೆ ಹೆದರಿ ಬಿಟ್ಟುಬಿಡದೆ, ಹೇಳಿದಂತೆ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಮುಂದುವರಿಸಿದೆ. ಮೂರು ದಿನದಲ್ಲಿ ಸರಿಹೋಯಿತು. ಆ ಮೂರು ದಿನಗಳೇ ನನಗೆ ಧೈರ್ಯ ಕೊಟ್ಟವು ಎನ್ನಬೇಕು.

ಈಗ ಜಮಖಾನೆಗಳೆರಡೂ ಹೋಗಿವೆ. 30 ಸೆಕೆಂಡುಗಳಲ್ಲಿ ಹನ್ನೊಂದು ಬಾರಿ ಏಳುತ್ತೇನೆ. ಬಸ್ಸಿಗೆ ಹತ್ತಲು ಒಂದು ಕೈ ಸಾಕಾಗುತ್ತಿದೆ. ಆದರೆ ಮೆಟ್ಟಿಲು ಇಳಿಯುವಾಗ ಬಲಗಾಲು ಇನ್ನೂ ಮೂರನೆಯ ಅಂಕದಲ್ಲಿಯೇ ನಿಂತಿದೆ, ನೆಲದಿಂದ ಏಳಲು ಗೋಡೆಯನ್ನು ಹಿಡಿಯಲೇಬೇಕಾಗಿದೆ. ಮುಂದೇನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಏಳರಿಂದ ಹನ್ನೊಂದಕ್ಕೆ ಬಂದಿರುವುದು ಬಹಳ ಸಂತೋಷದ ವಿಷಯ, ಮೇಡಂ. ಇನ್ನು ಮೆಟ್ಟಿಲನ್ನೇ ವ್ಯಾಯಾಮವಾಗಿಸಿಕೊಳ್ಳುವ ಕಾಲ. ಶಿರಸಿಯವರು ಹೇಳಿದ ನಾಲ್ಕು ಅಂಗುಲದ ಹಲಗೆಯಂಥದ್ದನ್ನು, ಅಲುಗಾಡದಂತೆ, ಕಿಟಕಿಯ ಸರಳು ಕೈಗೆ ಸಿಗುವ ಕಡೆ ಹಾಕಿಕೊಳ್ಳಿ. ಬಲಗಾಲನ್ನು ಹಲಗೆಯ ಮೇಲಿಟ್ಟು ನಿಂತು, ಎಡ ಹಿಮ್ಮಡಿ ನೆಲವನ್ನು ಮುಟ್ಟುವವರೆಗೆ ಮೂರು ಎಣಿಸುತ್ತ ಇಳಿಯಿರಿ. ಎಡಗಾಲಿಗೆ ಭಾರ ಕೊಡಬೇಡಿ, ನೆಲದ ಮೇಲೆ ಮೊಟ್ಟೆಯಿದೆ, ಅದು ಒಡೆಯಬಾರದು ಎಂಬಷ್ಟು ಹಗುರವಾಗಿ ಮುಟ್ಟಿ ಮತ್ತೆ ಮೇಲೆ ಬನ್ನಿ. ಎದುರಿಗೊಂದು ಕನ್ನಡಿಯಿದ್ದರೆ ಮಂಡಿ ಒಳಗೆ ವಾಲುತ್ತಿದೆಯೇ ಎಂದು ತಿಳಿಯುತ್ತದೆ. ಆರು ಬಾರಿಯಿಂದ ಆರಂಭಿಸಿ, ಹನ್ನೆರಡಾದ ಮೇಲೆ ಆರು ಅಂಗುಲದ ಎತ್ತರಕ್ಕೆ ಹೋಗಿ. ಅಡುಗೆಕಟ್ಟೆ ಹಿಡಿದು ಎರಡೂ ಹಿಮ್ಮಡಿಗಳನ್ನು ಎತ್ತಿ ಇಳಿಸುವುದನ್ನೂ ಸೇರಿಸಿಕೊಳ್ಳಿ, ಹಾಲು ಕಾಯುವಷ್ಟು ಹೊತ್ತು ಅದಕ್ಕೆ ಸಾಕು. ಅಲ್ಲಿಯವರೆಗೆ ಮನೆಯ ಮೆಟ್ಟಿಲಿನಲ್ಲಿ ನೋವು ಹೆಚ್ಚಿರುವ ದಿನ ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು ಇರಲಿ.

ನೆಲದಿಂದ ಏಳುವುದಕ್ಕೂ ಇದೇ ಕ್ರಮ. ಒಮ್ಮೆಲೇ ನೆಲಕ್ಕೆ ಹೋಗದೆ ಎತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಬನ್ನಿ. ಕುರ್ಚಿಯ ನಂತರ 14 ಅಂಗುಲದ ಸ್ಟೂಲ್, ಅದು ಸಲೀಸಾದ ಮೇಲೆ ಹತ್ತು ಅಂಗುಲದ್ದು, ಕೊನೆಗೆ ಪೂಜೆಯ ಮಣೆ. ಮಣೆಯಿಂದ ಏಳುವಾಗ ನೇರವಾಗಿ ಮೇಲೇಳಲು ಯತ್ನಿಸದೆ, ಮೊದಲು ಪಕ್ಕಕ್ಕೆ ತಿರುಗಿ ಕೈಯೂರಿ, ದಪ್ಪ ಬಟ್ಟೆ ಹಾಸಿದ ನೆಲದ ಮೇಲೆ ಬಲ ಮಂಡಿಯನ್ನೂರಿ, ಎಡ ಪಾದವನ್ನು ಮುಂದಿಟ್ಟು, ಎಡ ತೊಡೆಯ ಮೇಲೆ ಎರಡೂ ಕೈಯಿಟ್ಟು ಒತ್ತಿ ಮೇಲೆ ಬನ್ನಿ. ಊರಿದ ಮಂಡಿ ನೋಯುತ್ತಿದ್ದರೆ ಇನ್ನೊಂದು ಮಡಿಕೆ ಬಟ್ಟೆ ಹಾಕಿ. ಮೊದಮೊದಲು ಎದುರಿಗೆ ಸ್ಟೂಲ್ ಇರಲಿ, ಗೋಡೆ ಬೇಡ, ಏಕೆಂದರೆ ಗೋಡೆಯನ್ನು ಹಿಡಿದಾಗ ಕೈಯಿಂದ ಎಳೆದುಕೊಳ್ಳುತ್ತೇವೆ, ಸ್ಟೂಲಿನ ಮೇಲೆ ಕೈಯಿಟ್ಟಾಗ ಕಾಲಿನಿಂದ ಏಳುತ್ತೇವೆ. ಇನ್ನು ಆರು ವಾರ ಬಿಟ್ಟು ಮತ್ತೆ ಎಣಿಸಿ ಬರೆಯಿರಿ, ಆಗಲೂ ಇಳಿಯುವಾಗಿನ ನೋವು ಮೂರರಲ್ಲೇ ಇದ್ದರೆ ನಿಮ್ಮ ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಸೊಂಟ, ಮಂಡಿ, ಪಾದ ಮೂರನ್ನೂ ತೋರಿಸಿ.